ಬರ್ತೀನಿ ಎಂದರೆ ಬರುವುದು

ಆರೋಪಪತ್ರದಲ್ಲಿ ಕಾಗುಣಿತ ಮೇಷ್ಟ್ರ ಕಣ್ಣಿಗೆ ಮೊದಲು ಬಿದ್ದದ್ದು ಸತ್ತ ಮುದುಕಿಯಲ್ಲ, ಬಿಟ್ಟುಹೋಗಿದ್ದ ಒಂದು ಯ-ಒತ್ತು. ‘ದಾದಿಯ ಘೋರ ನಿರ್ಲಕ್ಷದಿಂದ’ ಎಂದು ಟೈಪ್ ಆಗಿತ್ತು. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು ‘ನಿರ್ಲಕ್ಷ್ಯ’ ಎಂದು ತಿದ್ದಿದರು. ಆ ದಾದಿ ಯಾರು ಎಂದು ಹೆಸರು ನೋಡಿದ್ದು ಆಮೇಲೆ. ಎಂಟು ವರ್ಷದ ಕೆಳಗೆ ಅವರ ಮನೆ ಬಿಟ್ಟುಹೋದ ಸೊಸೆ.

ಸುಳ್ಳು ಯಾಕೆ ಹೇಳಬೇಕು, ಹೊಟ್ಟೆಗೆ ಹಾಲು ಹೊಯ್ದಷ್ಟು ಹಿತವಾಯಿತು ಅವರಿಗೆ. ಅದು ಎದುರಿಗಿದ್ದ ಮ್ಯಾನೇಜರ್‌ಗೆ ಗೊತ್ತಾಗದಿರಲಿ ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಗೊತ್ತಾಯಿತು. ಗೊತ್ತಿದ್ದೇ ಅವನು ಅವರನ್ನು ಕರೆಸಿದ್ದ.

“ನಿಮಗೂ ಅವಳಿಗೂ ಎಣ್ಣೆ ಸೀಗೇಕಾಯಿ ಅಂತ ಕೇಳಿದೀನಿ ಮೇಷ್ಟ್ರೇ,” ಎಂದ ಮ್ಯಾನೇಜರ್. “ಹಾಗಂತ ನೀವೇನೂ ಸುಳ್ಳು ಹೇಳೋದು ಬೇಡ. ಒಂದೇ ಒಂದು ಪದದ ಅರ್ಥ ಬರೆದು ಸಹಿ ಹಾಕಿದ್ರೆ ಸಾಕು. ಯಾವ ನಿಘಂಟು ತೆಗೆದ್ರೂ ಇರೋ ಅರ್ಥಾನೇ.”

“ಯಾವ ಪದ?”

“ಬರ್ತೀನಿ.”

ಅವರು ನಿಜಕ್ಕೂ ಮೇಷ್ಟ್ರಲ್ಲ. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿದವರು. ಪತ್ರಿಕೆ ಬಾಗಿಲು ಹಾಕಿದ ಮೇಲೆ ಈ ಕಂಪನಿಗೆ ಬಂದರು. ಲಿಫ್ಟಿನೊಳಗೆ ಅಂಟಿಸಿದ ಸೂಚನೆಯನ್ನೂ ತಿದ್ದದೆ ಮೇಲಿನ ಮಹಡಿಗೆ ಹೋಗದ ಆಸಾಮಿ ಎಂದು ಕಚೇರಿಯ ಹುಡುಗಿಯರು ಆ ಹೆಸರಿಟ್ಟಿದ್ದರು. ಅವರು ಅದನ್ನು ಬಿರುದು ಎಂದೇ ಭಾವಿಸಿದ್ದರು.

ಕಂಪನಿಯದು ಕಾಯಿಲೆ ಬಿದ್ದವರ ಮನೆಗೆ ದಾದಿಯರನ್ನು ಕಳಿಸುವ ಕೆಲಸ. ಬೆಳಗಿನ ಪಾಳಿಯವರು ಹನ್ನೊಂದರೊಳಗೆ ಕೆಲಸ ಮುಗಿಸಿ ಹೊರಡಬೇಕು, ಮಧ್ಯಾಹ್ನದವರು ಒಂದಕ್ಕೆ ಬರಬೇಕು. ಪ್ರತಿ ಮನೆಯ ಗೋಡೆಯ ಮೇಲೂ ಒಂದು ಬಿಳಿ ಡಬ್ಬಿ. ಕಂಪನಿ ಅದಕ್ಕಿಟ್ಟ ಹೆಸರು ‘ಸಂಗಾತಿ’, ದಾದಿಯರು ಇಟ್ಟದ್ದು ‘ಚಾಡಿಕೋರ’. ಮನೆಯೊಳಗಿನ ಮಾತು ಕೇಳಿಸಿಕೊಂಡು ದಾದಿ ಯಾವಾಗ ಬಂದಳು, ಯಾವಾಗ ಹೋದಳು ಎಂದು ಅದು ಬರೆದುಕೊಳ್ಳುತ್ತಿತ್ತು. ಮೊದಲೆಲ್ಲ ಬಂದಾಗ ಒಂದು, ಹೋಗುವಾಗ ಒಂದು ಎಂದು ಒತ್ತಲು ಗುಂಡಿಗಳಿದ್ದವು. ಎರಡು ತಿಂಗಳ ಹಿಂದೆ ಅವನ್ನು ತೆಗೆದು ಎಲ್ಲವನ್ನೂ ಮಾತಿಗೇ ಬಿಟ್ಟರು. ರೋಗಿ ಸಹಾಯಕ್ಕೆ ಒತ್ತುವ, ಮಂಚದ ಪಕ್ಕದ ಗುಂಡಿ ಮಾತ್ರ ಉಳಿಯಿತು. ದಾದಿ ಇನ್ನೂ ಮನೆಯಲ್ಲೇ ಇದ್ದಾಳೆ ಎಂದು ಡಬ್ಬಿ ಬರೆದುಕೊಂಡರೆ ಮುಂದಿನ ಪಾಳಿಯವಳನ್ನು ಕಳಿಸುವುದು ತಂತಾನೇ ರದ್ದು. ಒಬ್ಬಳು ಇರುವಾಗ ಇನ್ನೊಬ್ಬಳು ಯಾಕೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬುದ್ಧಿ ಆ ಡಬ್ಬಿಯದು.

ಡಬ್ಬಿಗೆ ಮಾತು ಕಲಿಸಿದವರು ಮೇಷ್ಟ್ರು. ಯಾವ ಮಾತಿಗೆ ಯಾವ ಅರ್ಥ ಎಂದು ಪಟ್ಟಿ ಬರೆದುಕೊಟ್ಟವರು ಅವರೇ. ‘ಬರ್ತೀನಿ’ಯ ಸರದಿ ಬಂದಾಗ ಪಕ್ಕದ ಮೇಜಿನ ಹುಡುಗಿ ಹೆದರುತ್ತಲೇ ಕೇಳಿದ್ದಳು.

“ಸರ್, ಹೊರಡುವಾಗ್ಲೂ ಎಲ್ಲರೂ ಬರ್ತೀನಿ ಅಂತಾನೇ ಅನ್ನೋದಲ್ವಾ?”

“ಧಾತು ನೋಡಮ್ಮಾ, ಧಾತು,” ಎಂದು ಮೇಷ್ಟ್ರು ಸಿಡುಕಿದ್ದರು. “ಬಾ ಅಂದ್ರೆ ಬಾ, ಹೋಗು ಅಂದ್ರೆ ಹೋಗು. ಜನ ತಪ್ಪು ತಪ್ಪಾಗಿ ಆಡ್ತಾರೆ ಅಂತ ನಾವು ತಪ್ಪು ತಪ್ಪಾಗಿ ಬರೀಬೇಕಾ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬರ್ತೀನಿ ಎಂಬುದಕ್ಕೆ ‘ಆಗಮನ’ ಎಂದು ಬರೆದರು. ‘ಹೊರಡುವಾಗ ಹೋಗ್ತೀನಿ ಎಂದೇ ಹೇಳತಕ್ಕದ್ದು’ ಎಂದು ದಾದಿಯರಿಗೆ ಸುತ್ತೋಲೆಯನ್ನೂ ಬರೆದರು. ಅದರಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ.

ಕಾಯಿಲೆಯವರ ಹಾಸಿಗೆ ಪಕ್ಕ ನಿಂತು ‘ಹೋಗ್ತೀನಿ’ ಎನ್ನಲು ಯಾರಿಗೆ ತಾನೇ ನಾಲಿಗೆ ಹೊರಳುತ್ತದೆ? ದಾದಿಯರು ಮೇಷ್ಟ್ರ ವಂಶವನ್ನೆಲ್ಲ ಬೈದು ಕೊನೆಗೆ ಒಂದು ದಾರಿ ಕಂಡುಕೊಂಡರು. ರೋಗಿಗೆ ‘ಬರ್ತೀನಿ’ ಎಂದು ಹೇಳಿ, ಬಾಗಿಲ ಬಳಿಯ ಡಬ್ಬಿಗೆ ಬಾಯಿ ಹಚ್ಚಿ, ಕೈ ಅಡ್ಡ ಹಿಡಿದು ‘ಹೋಗ್ತೀನಿ’ ಎಂದು ಪಿಸುಗುಟ್ಟಿ ಹೊರಡುತ್ತಿದ್ದರು. ಕೆಲವೊಮ್ಮೆ ಮರೆಯುತ್ತಿದ್ದರು.

ಎರಡು ವಾರದ ಹಿಂದೆ ಹೃದಯದ ಕಾಯಿಲೆಯ ಒಬ್ಬ ಮುದುಕಿ ಸತ್ತಳು. ಮಗ ಬಸ್ ಡ್ರೈವರ್. ಪಾಳಿ ಮುಗಿಸಿ ಎರಡೂವರೆಗೆ ಬಂದಾಗ ತಾಯಿ ಅಡಿಗೆಮನೆಯ ಹೊಸ್ತಿಲ ಮೇಲೆ ಬಿದ್ದಿದ್ದಳು, ಮೈ ತಣ್ಣಗಾಗಿತ್ತು. ಡಬ್ಬಿಯ ಪ್ರಕಾರ ದಾದಿ ಹತ್ತಕ್ಕೆ ಬಂದಿದ್ದಳು, ಹತ್ತೂ ಐವತ್ತಕ್ಕೆ ಇನ್ನೊಮ್ಮೆ ಬಂದಿದ್ದಳು, ಹೋಗಲೇ ಇಲ್ಲ. ಅಂದರೆ ಮುದುಕಿ ಸಾಯುವಾಗ ಮನೆಯಲ್ಲೇ ಇದ್ದು ಸುಮ್ಮನಿದ್ದಳು. ಹನ್ನೊಂದಕ್ಕೆ ಮೊದಲೇ ಹೊರಟೆ, ಹಿಂದಿನ ರಾತ್ರಿಯೂ ಪಾಳಿ ಮಾಡಿದ್ದೆ, ಮನೆಗೆ ಹೋಗಿ ಮಲಗಿಬಿಟ್ಟೆ ಎಂದು ಅವಳು ಹೇಳುತ್ತಿದ್ದಳು. ಒಬ್ಬಳೇ ಇರುವವಳ ನಿದ್ದೆಗೆ ಸಾಕ್ಷಿ ಯಾರು?

ಮರುದಿನ ಹನ್ನೊಂದು ಗಂಟೆಗೆ ದಾದಿಯರ ಮಂಡಳಿಯ ವಕೀಲೆ ವಿಚಾರಣೆಗೆ ಬರುವವಳಿದ್ದಳು. ದಾದಿ ಆ ಮನೆಯಲ್ಲಿದ್ದಳು ಎಂದು ತೀರ್ಮಾನವಾದರೆ ಪರವಾನಗಿ ರದ್ದು, ಅವಳು ಪೊಲೀಸರ ಕೈಗೆ. ಇರಲಿಲ್ಲ ಎಂದಾದರೆ ಒಂದು ಗಂಟೆಗೆ ಬರಬೇಕಿದ್ದ ದಾದಿಯನ್ನು ಯಾಕೆ ಕಳಿಸಲಿಲ್ಲ ಎಂದು ಕಂಪನಿ ಬಾಯಿ ಬಿಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕಂಪನಿಗೆ ಸುಲಭ.

ಮ್ಯಾನೇಜರ್ ಧ್ವನಿಮುದ್ರಣ ಕೇಳಿಸಿದ. ಏಳೇ ಸೆಕೆಂಡು.

“ಬರ್ತೀನಮ್ಮಾ. ಹುಷಾರು.”

ಸೊಸೆಯ ಅದೇ ದನಿ, ಸ್ವಲ್ಪ ಒಡೆದಿತ್ತು. ಬಂದವರು ಯಾರೂ ‘ಹುಷಾರು’ ಎನ್ನುವುದಿಲ್ಲ, ಹೋಗುವವರು ಎನ್ನುವುದು. ಮೇಷ್ಟ್ರಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಅವರನ್ನು ಕೇಳಿದ್ದು ಒಂದು ಪದದ ಅರ್ಥ, ಎರಡರದ್ದಲ್ಲ. “ನಾಳೆ ಸಹಿ ಹಾಕ್ತೀನಿ,” ಎಂದು ಎದ್ದರು.

ಮನೆಯಲ್ಲಿ ಹೆಂಡತಿಗೆ ಹೇಳದೆ ಇರಲಾಗಲಿಲ್ಲ. ಗೆದ್ದ ಸುದ್ದಿಯನ್ನು ಯಾರಿಗಾದರೂ ಹೇಳಲೇಬೇಕಲ್ಲ. ಆಕೆ ಕೇಳುತ್ತ ಕೇಳುತ್ತ ಊಟದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಆ ಹುಡುಗೀನ ಜೈಲಿಗೆ ಹಾಕ್ಸೋಕೆ ಸಹಿ ಹಾಕ್ತೀರಾ?”

“ಪದದ ಅರ್ಥ ಬರೀತೀನಿ, ಅಷ್ಟೇ.”

“ನಿಮಗೆ ಪದ ಇದ್ರೆ ಸಾಕು ಕಣ್ರೀ. ಆವತ್ತು ನಿಮ್ಮ ಮಗ ಅವಳ ಮೇಲೆ ಕೈ ಮಾಡಿದಾಗ್ಲೂ ಎದುರಿಗೇ ಕೂತಿದ್ರಿ. ತಲೆ ಎತ್ತಿದ್ರಾ? ಕರಡು ತಿದ್ತಾ ಇದ್ರಿ.”

“ನಮ್ಮ ಮಾನಾನ ಬೀದಿಗೆ ತಂದವಳು ಅವಳು.”

“ಬೀದಿಗೆ ತಂದಿದ್ದು ಅವಳ ಕಾಲಲ್ಲ, ನಿಮ್ಮ ಮಗನ ಕೈ.”

ಆ ದಿನ ಸೊಸೆ ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತು “ಹೋಗ್ತೀನಿ” ಎಂದಿದ್ದಳು. ಹೆಂಡತಿ ಎದೆ ಬಡಿದುಕೊಂಡು, “ಹಾಗನ್ಬೇಡ್ವೇ, ಬರ್ತೀನಿ ಅನ್ನೇ!” ಎಂದು ಗೋಗರೆದಿದ್ದಳು. ಆ ಮನೆಯಲ್ಲಿ ಆ ದಿನ ಕ್ರಿಯಾಪದವನ್ನು ಸರಿಯಾಗಿ ಬಳಸಿದವಳು ಸೊಸೆಯೊಬ್ಬಳೇ ಎಂದು ಮೇಷ್ಟ್ರಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತ್ತು. ಅನ್ನಿಸಿದಾಗಲೆಲ್ಲ ಅವಳ ಮೇಲಿನ ಸಿಟ್ಟು ಇನ್ನಷ್ಟು ಹೆಚ್ಚಾಗಿತ್ತು.

ಮರುದಿನ ವಿಚಾರಣೆಯ ಕೋಣೆಯ ಹೊರಗೆ, ಕುಡಿಯುವ ನೀರಿನ ನಲ್ಲಿಯ ಪಕ್ಕ ಅವಳು ನಿಂತಿದ್ದಳು. ಅಮಾನತಿನಲ್ಲಿದ್ದು ಬಿಳಿ ಸಮವಸ್ತ್ರ ತೊಡುವಂತಿರಲಿಲ್ಲವಾದ್ದರಿಂದ ಮಾಮೂಲಿ ಬಟ್ಟೆಯಲ್ಲಿದ್ದಳು. ಕೆನ್ನೆ ಒಳಸೇರಿತ್ತು. ಮಾವ ಎಂದು ಕರೆಯಲಿಲ್ಲ.

“ಬಂದ್ರಾ ಮೇಷ್ಟ್ರೇ? ನಿಮ್ಮನ್ನೇ ಕರೆಸ್ತಾರೆ ಅಂದ್ಕೊಂಡೆ. ನನ್ನ ನೇಣಿನ ಹಗ್ಗದಲ್ಲೂ ಒತ್ತಕ್ಷರ ತಪ್ಪಿರಬಾರದಲ್ಲ!”

“ನಾಲಿಗೆ ಹಾಗೇ ಇದೆ ನಿಂದು. ಸುತ್ತೋಲೆ ಓದಿ ಸಹಿ ಹಾಕಿದ್ದೀಯ ತಾನೇ? ಹೋಗ್ತೀನಿ ಅನ್ಬೇಕಿತ್ತು. ಅನ್ನಲಿಲ್ಲ.”

“ಆ ಅಜ್ಜಿ ಬಾಗಿಲ ತನಕ ನನ್ನ ಕೈ ಹಿಡ್ಕೊಂಡೇ ಬಂದ್ರು. ಮುಖ ನೋಡ್ಕೊಂಡು ಹೇಗೆ ಅನ್ನಲಿ?”

“ಅನ್ನೋಕೆ ಬರುತ್ತೆ ನಿನಗೆ. ನಮ್ಮನೇಲಿ ಅಂದಿದ್ಯಲ್ಲ.”

“ನಿಮ್ಮನೆಗೆ ಅದೇ ಸರಿ ಇತ್ತು.” ಅವಳು ಲೋಟ ಕೆಳಗಿಟ್ಟಳು. “ನೋಡಿ, ನಿಮ್ಮ ದಯೆ ನನಗೆ ಬೇಡ. ಹದಿನಾಲ್ಕು ವರ್ಷದಿಂದ ಕಂಡವರ ಮಲಮೂತ್ರ ಬಳಿದು ಬದುಕಿದೀನಿ. ಈ ಕೆಲಸ ಬಿಟ್ಟು ನನಗೆ ಬೇರೇನೂ ಬರಲ್ಲ. ಅದನ್ನ ಕಿತ್ಕೊಳ್ಳೋದಾದ್ರೆ ನನ್ನ ಮುಖ ನೋಡ್ಕೊಂಡು ಕಿತ್ಕೊಳ್ಳಿ. ಆವತ್ತಿನ ಹಾಗೆ ಕಾಗದ ನೋಡ್ಕೊಂಡಲ್ಲ.”

ಮೇಷ್ಟ್ರಿಗೆ ಮೈ ಉರಿಯಿತು. ಬೇಡಿಕೊಳ್ಳುತ್ತಾಳೆ ಎಂದು ಕಾದಿದ್ದರು, ಬೇಡಿಕೊಂಡಿದ್ದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದರು. ಈಗ ಸಹಿ ಹಾಕಲು ಕೈ ಇನ್ನಷ್ಟು ತುರಿಸುತ್ತಿತ್ತು.

ಕೋಣೆಯಲ್ಲಿ ಉದ್ದ ಮೇಜು. ಒಂದು ತುದಿಯಲ್ಲಿ ವಕೀಲೆ, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದ ಮ್ಯಾನೇಜರ್. ಸತ್ತವಳ ಮಗ ಡ್ರೈವರ್ ಖಾಕಿಯಲ್ಲೇ ಬಂದಿದ್ದ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕಂಪನಿಯ ಅಂಕಿಗಳು ಓಡುತ್ತಿದ್ದವು.

“ನಮ್ಮಮ್ಮ ಸಾಯೋದನ್ನ ನೋಡ್ತಾ ಕೂತಿದ್ದಳಂತೆ,” ಎಂದ ಡ್ರೈವರ್, ದಾದಿಯ ಕಡೆ ಬೆರಳು ಚಾಚಿ. “ಕರುಳು ಅನ್ನೋದು ಇದೆಯಾ ಕೇಳಿ ಇವಳಿಗೆ. ಒಂದು ಲೋಟ ನೀರು ಕೊಟ್ಟಿದ್ರೂ ಆಗ್ತಿತ್ತು.”

ದಾದಿ ಏನೋ ಹೇಳಲು ಹೋದಳು. ವಕೀಲೆ ಕೈ ಎತ್ತಿ ತಡೆದು ಮೇಷ್ಟ್ರ ಮುಂದೆ ಹಾಳೆ ಸರಿಸಿದಳು. “ಭಾಷೆ ಬಲ್ಲವರು ನೀವು. ಓದಿ ಸಹಿ ಮಾಡಿ.”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ‘ಈ ಧ್ವನಿಮುದ್ರಣವನ್ನು ಪೂರ್ತಿಯಾಗಿ ಆಲಿಸಿದ್ದು, ಅದರಲ್ಲಿನ ಬರ್ತೀನಿ ಎಂಬ ಪದವು ಆಗಮನ ಸೂಚಕವೆಂದು ದೃಢೀಕರಿಸುತ್ತೇನೆ.’ ಕಾಗುಣಿತ ಸರಿಯಿತ್ತು. ಇನ್ನೊಮ್ಮೆ ಓದಿದರು. ‘ಪೂರ್ತಿಯಾಗಿ’ ಎಂಬಲ್ಲಿ ಕಣ್ಣು ನಿಂತಿತು.

“ಪೂರ್ತಿಯಾಗಿ ಅಂತ ಇದೆ. ನಾನು ಪೂರ್ತಿ ಕೇಳಿಲ್ಲ. ಏಳು ಸೆಕೆಂಡು ಕೇಳಿದೀನಿ.”

“ಅಯ್ಯೋ, ಅದು ಸುಮ್ನೆ ಮಾತಿಗೆ ಬರೆದಿರೋದು ಮೇಷ್ಟ್ರೇ,” ಎಂದು ಮ್ಯಾನೇಜರ್ ನಕ್ಕ.

“ಮಾತಿಗೆ ಬರೆಯೋ ಹಾಗಿದ್ರೆ ಮೂವತ್ತೊಂದು ವರ್ಷ ನಾನ್ಯಾಕೆ ಕಣ್ಣು ಹಾಳು ಮಾಡ್ಕೊಂಡೆ? ಒಂದೋ ಆ ಪದ ಹೊಡೆದುಹಾಕಿ, ಇಲ್ಲಾ ಪೂರ್ತಿ ಕೇಳಿಸಿ.”

ಇದು ಒಳ್ಳೆಯತನವಲ್ಲ, ಬರೀ ಚಟ. ಹಿಂದುಮುಂದಿನ ಸಾಲು ನೋಡದೆ ಅವರು ಯಾವ ಕರಡುಪ್ರತಿಗೂ ಸಹಿ ಹಾಕಿದವರಲ್ಲ. ಆದರೆ ಮ್ಯಾನೇಜರನ ನಗು ಇಳಿದದ್ದನ್ನು ವಕೀಲೆ ನೋಡಿದಳು.

“ಇನ್ನೂ ಇದೆಯಾ?”

“ಆಮೇಲೆ ರೋಗಿ ಗುಂಡಿ ಒತ್ತಿದ್ದೊಂದಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ. ರೋಗಿಗೆ ಮರೆವು ಅಂತ ನಮ್ಮ ದಾಖಲೆಯಲ್ಲಿದೆ.”

“ಯಾರಿಗ್ರೀ ಮರೆವು?” ಡ್ರೈವರ್ ಕುರ್ಚಿ ಹಿಂದೆ ತಳ್ಳಿ ಎದ್ದ. “ನಾನು ಓಡಿಸೋ ಬಸ್ಸಿನ ಹತ್ತೊಂಬತ್ತು ಸ್ಟಾಪೂ ನಮ್ಮಮ್ಮನಿಗೆ ಬಾಯಿಪಾಠ ಇತ್ತು. ಹಾಕ್ರೀ ಅದನ್ನ!”

ಮ್ಯಾನೇಜರ್ ಬೇರೆ ದಾರಿಯಿಲ್ಲದೆ ಹಾಕಿದ. ಹನ್ನೆರಡೂ ಹತ್ತರ ಮುದ್ರಣ. ಗುಂಡಿ ಒತ್ತಿದ ಸದ್ದು, ನಂತರ ಡಬ್ಬಿಯ ಜೇನಿನಂಥ ದನಿ.

“ಹೇಳಿ, ನಿಮಗೆ ಏನು ಸಹಾಯ ಬೇಕು?”

“ಎದೆ ಹಿಡ್ಕೊಂಡ ಹಾಗಾಗ್ತಿದೆಯಪ್ಪಾ,” ಎಂದಿತು ಮುದುಕಿಯ ದನಿ. “ಯಾರನ್ನಾದ್ರೂ ಕಳಿಸ್ತೀಯಾ?”

“ನಿಮ್ಮ ದಾದಿ ಮನೆಯಲ್ಲೇ ಇದ್ದಾರೆ. ದಯವಿಟ್ಟು ಅವರನ್ನು ಕರೆಯಿರಿ.”

“ಇಲ್ಲಪ್ಪಾ, ಅವಳು ಆಗ್ಲೇ ಹೊರಟುಹೋದ್ಲಲ್ಲ.”

“ನಿಮ್ಮ ದಾದಿ ಮನೆಯಲ್ಲೇ ಇದ್ದಾರೆ. ದಯವಿಟ್ಟು ಅವರನ್ನು ಕರೆಯಿರಿ.”

ಆ ವಾಕ್ಯದಲ್ಲಿ ‘ಕರೀರಿ’ ಎಂದಿದ್ದದ್ದನ್ನು ‘ಕರೆಯಿರಿ’ ಎಂದು ತಿದ್ದಿದವರೂ ಮೇಷ್ಟ್ರೇ. ಮುದುಕಿಯ ಉಸಿರು ಮಾತ್ರ ಕೇಳುತ್ತಿತ್ತು. ಮತ್ತೆ ಮಾತಾಡಿದಾಗ ದನಿಯಲ್ಲಿ ನಾಚಿಕೆಯಿತ್ತು, ತನ್ನ ಕಣ್ಣೇ ತನಗೆ ಮೋಸ ಮಾಡಿತೇನೋ ಎಂಬ ನಾಚಿಕೆ.

“ಇದಾಳಾ? ಹಂಗಾರೆ ನಾನೇ ನೋಡಲಿಲ್ವೇನೋ. ಮಗಳೇ... ಇದೀಯೇನೇ? ಅಡಿಗೆಮನೇಲಿದೀಯಾ?” ಮಂಚ ಕಿರುಗುಟ್ಟಿತು. “ಕೇಳಿಸ್ತಿಲ್ವೇನೇ? ಸರಿ, ಕೆಲಸ ಮಾಡ್ಕೋ. ನಾನೇ ಎದ್ದು ಬರ್ತೀನಿ.”

ಚಪ್ಪಲಿ ಎಳೆಯುವ ಸದ್ದು ನಾಲ್ಕೈದು ಹೆಜ್ಜೆ ಬಂತು. ಆಮೇಲೆ ಏನೋ ಬಿತ್ತು. ಪಾತ್ರೆಯೊಂದು ನೆಲದ ಮೇಲೆ ಉರುಳಿ ನಿಂತಿತು. ಡಬ್ಬಿ ಮಾತಾಡಲಿಲ್ಲ, ಅದನ್ನು ಯಾರೂ ಏನೂ ಕೇಳಿರಲಿಲ್ಲವಲ್ಲ.

ದಾದಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಡ್ರೈವರ್ ಮೇಜನ್ನು ಹಿಡಿದು ನಿಂತಿದ್ದ. ಅವನ ತಾಯಿಯ ಪಕ್ಕ ಯಾರೂ ಕೂತಿರಲಿಲ್ಲ. ಇಲ್ಲದವಳನ್ನು ಹುಡುಕುತ್ತ ಎದ್ದು ಹೋಗಿ ಸತ್ತಿದ್ದಳು.

ಮೇಷ್ಟ್ರು ಹಾಳೆಯನ್ನು ಮಡಿಸಿದರು. ಮಾತಾಡದೆ ಎದ್ದುಹೋಗಬಹುದಿತ್ತು. ಅವರ ತಪ್ಪು ವಕೀಲೆಗೂ ಡ್ರೈವರ್‌ಗೂ ಇನ್ನೂ ಗೊತ್ತಿರಲಿಲ್ಲ, ಮ್ಯಾನೇಜರ್‌ಗಂತೂ ಅದು ಹೊರಬರುವುದು ಬೇಕಿರಲಿಲ್ಲ. ಬಾಗಿಲನ್ನೂ ನೋಡಿದರು. ಆಮೇಲೆ ದಾದಿಯ ಮುಖ ನೋಡಿದರು.

“ಅವಳು ಅಲ್ಲಿರಲಿಲ್ಲ,” ಎಂದರು. “ಬರ್ತೀನಿ ಅಂದ್ರೆ ಹೊರಟೆ ಅಂತ. ಹಾಲು ಕುಡಿಯೋ ಮಗೂಗೂ ಗೊತ್ತು. ಡಬ್ಬಿಗೆ ತಿರುಗಾಮುರುಗಾ ಹೇಳಿಕೊಟ್ಟವನು ನಾನು.”

“ನಿಮಗೆ ಗೊತ್ತಿರಲಿಲ್ವಾ?” ವಕೀಲೆ ಕೇಳಿದಳು.

“ಗೊತ್ತಿತ್ತು. ಒಬ್ಬಳು ಹುಡುಗಿ ಹೇಳಿದ್ಳು ಕೂಡ. ನಾನು ಸರಿ ಅಂತ ಸಾಧಿಸೋದು ಬೇಕಿತ್ತು ನನಗೆ.”

ಡ್ರೈವರ್ ಎರಡೇ ಹೆಜ್ಜೆಗೆ ಬಂದು ಅವರ ಅಂಗಿಯ ಕುತ್ತಿಗೆಪಟ್ಟಿ ಹಿಡಿದ. ಮೇಷ್ಟ್ರು ಬಿಡಿಸಿಕೊಳ್ಳಲು ಹೋಗಲಿಲ್ಲ. ಹೊಡೆಯಲಿ ಎಂದೇ ಅನ್ನಿಸಿತು. ಅತ್ತ ಮ್ಯಾನೇಜರ್, “ಇದನ್ನ ಬರ್ಕೊಳ್ಳಿ ಮೇಡಂ, ಇದು ಒಬ್ಬ ನೌಕರನ ವೈಯಕ್ತಿಕ ತಪ್ಪು, ನಮ್ಮ ಯಂತ್ರದಲ್ಲಿ ದೋಷ ಇಲ್ಲ,” ಎಂದು ಒಂದೇ ಉಸಿರಲ್ಲಿ ಹೇಳುತ್ತಿದ್ದ. ವಕೀಲೆ ಆರೋಪಪತ್ರದ ಮೇಲೆ ಅಡ್ಡಗೆರೆ ಎಳೆದು, “ನೀವು ಮನೆಗೆ ಹೋಗಬಹುದಮ್ಮಾ,” ಎಂದು ದಾದಿಗೆ ಹೇಳಿದಳು.

ದಾದಿಗೆ ಅದು ಕಿವಿಗೆ ಬೀಳಲಿಲ್ಲ. ಅವಳು ಗೋಡೆಯ ಪರದೆ ನೋಡುತ್ತಿದ್ದಳು.

“ಗಂಟೆ ಎಷ್ಟು?” ಎಂದಳು.

“ಹನ್ನೊಂದೂ ಮುಕ್ಕಾಲು,” ಎಂದಳು ವಕೀಲೆ.

“ಬೆಳಗಿನ ಪಾಳಿ ಹನ್ನೊಂದಕ್ಕೇ ಮುಗಿಯುತ್ತೆ. ಈಗ ಯಾವ ಮನೇಲೂ ನರ್ಸ್ ಇರಬಾರದು.” ಅವಳು ಪರದೆಯ ಮೂಲೆಗೆ ಬೆರಳು ಇಟ್ಟಳು. ‘ದಾದಿ ಇರುವ ಮನೆಗಳು: ೨೩.’ “ಹಾಗಾದ್ರೆ ಈ ಇಪ್ಪತ್ತಮೂರು ಜನ ಯಾರು?”

ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಲು ಹೋದ. ಈಚೆಗೆ ಮಧ್ಯಾಹ್ನದ ಪಾಳಿ ಹಗುರವಾಗಿದೆ, ಖರ್ಚು ಇಳಿದಿದೆ ಎಂದು ಹೋದ ವಾರವಷ್ಟೇ ಕಚೇರಿಗೆಲ್ಲ ಸಿಹಿ ಹಂಚಿದ್ದ. ಮೇಷ್ಟ್ರೂ ಎರಡು ತಿಂದಿದ್ದರು.

“ಪಟ್ಟಿ ಕೊಡ್ರೀ!” ದಾದಿ ಕೂಗಿದಳು. ಅವನ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದು ಹೆಸರು, ನಂಬರು ಗೀಚತೊಡಗಿದಳು. ಡ್ರೈವರ್‌ಗೆ ಒಂದು ಹಾಳೆ, ವಕೀಲೆಗೆ ಒಂದು, ಮೇಷ್ಟ್ರ ಎದೆಗೆ ಒತ್ತಿ ಒಂದು. “ಏನ್ ನೋಡ್ತಾ ನಿಂತ್ರಿ? ಆಮೇಲೆ ಹೊಡೆದಾಡಿ, ಆಮೇಲೆ ಅಳಿ. ಮೊದಲು ಫೋನ್ ಮಾಡಿ.”

ಡ್ರೈವರ್ ಕುತ್ತಿಗೆಪಟ್ಟಿ ಬಿಟ್ಟು ತನ್ನ ಫೋನ್ ತೆಗೆದ. ಮೇಷ್ಟ್ರು ಮೇಜಿನ ಮೇಲಿದ್ದ ಫೋನ್ ಎತ್ತಿ ಮೊದಲ ನಂಬರ್ ಒತ್ತಿದರು. ಬೆರಳು ತಪ್ಪಿ ಮತ್ತೆ ಒತ್ತಿದರು. ಬಹಳ ಹೊತ್ತು ಗಂಟೆ ಬಾರಿಸಿತು. ಯಾರೋ ಎತ್ತಿದರು, ಉಸಿರಾಡುವುದಷ್ಟೇ ಕೇಳಿಸಿತು.

“ಹಲೋ, ನಿಮ್ಮ ಮನೇಲಿ ನರ್ಸ್ ಇದಾರಾ?”

“ಇದಾರಂತೆ ಸ್ವಾಮಿ,” ಎಂದಿತು ಏದುಸಿರಿನ ಒಂದು ಮುದಿದನಿ. “ಡಬ್ಬಿ ಹೇಳ್ತು. ಅದಕ್ಕೇ ಗೋಡೆ ಹಿಡ್ಕೊಂಡು ಹುಡುಕ್ತಾ ಇದೀನಿ.”